ಅಪ್ಪನ ಆರು ಬೀರು ಪುಸ್ತಕಗಳನ್ನು ಏನು ಮಾಡಲಿ?

ಪ್ರಶ್ನೆ: ಕಳೆದ ಆಷಾಢದಲ್ಲಿ ನಮ್ಮ ತಂದೆ ತೀರಿಕೊಂಡರು. ಅವರಿಗೆ 86 ವರ್ಷ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರೌಢಶಾಲೆಯ ಮೇಷ್ಟರಾಗಿದ್ದವರು. ಮನೆಯಲ್ಲಿ ಆರು ಬೀರು ತುಂಬ ಪುಸ್ತಕಗಳಿವೆ. ಸುಮಾರು 2,600 ಇರಬಹುದು. ಪುಸ್ತಕ ಮನೆಗೆ ಬಂದ ತಾರೀಖನ್ನು ಮೊದಲ ಪುಟದಲ್ಲಿ, ಓದಿ ಮುಗಿಸಿದ ತಾರೀಖನ್ನು ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಬರೆದಿಡುವುದು ಅವರ ಅಭ್ಯಾಸ. ಅರ್ಧಕ್ಕೂ ಹೆಚ್ಚು ಪುಸ್ತಕಗಳಲ್ಲಿ ಎರಡನೆಯ ತಾರೀಖಿಲ್ಲ. ಆದರೂ ಕೊನೆಯವರೆಗೆ ತರಿಸುತ್ತಲೇ ಇದ್ದರು. ಅವರು ಹೋದ ನಾಲ್ಕನೆಯ ದಿನ ಅಂಚೆಯವರು ಇನ್ನೊಂದು ಕಟ್ಟು ತಂದುಕೊಟ್ಟರು. ಅದನ್ನು ಯಾರೂ ಬಿಚ್ಚಿಲ್ಲ.

ಅಮ್ಮ ಈಗ ಒಬ್ಬರೇ. ವರ್ಷಾಂತಿಕ ಮುಗಿದ ಮೇಲೆ ಅವರನ್ನು ಬೆಂಗಳೂರಿಗೆ ಕರೆತರಬೇಕು. ಊರಿನ ಮನೆ ಬೇರೆಯವರ ಕೈಸೇರಲಿದೆ. ನಮ್ಮದು ಎರಡು ಕೋಣೆಯ ಫ್ಲ್ಯಾಟ್. "ಒಂದು ಪುಸ್ತಕವೂ ಹೊರಗೆ ಹೋಗಬಾರದು" ಎನ್ನುತ್ತಾರೆ ಅಮ್ಮ. ಗುಜರಿಗೆ ಹಾಕಲು ನನಗೂ ಮನಸ್ಸಿಲ್ಲ. ಎರಡು ಗ್ರಂಥಾಲಯಗಳಲ್ಲಿ ವಿಚಾರಿಸಿದೆ, ಬೇಡ ಎಂದರು. ಅಟ್ಟದ ಮೇಲೆ ಅಜ್ಜನ ಕಾಲದ ಎರಡು ಕಟ್ಟು ಓಲೆಗರಿಗಳಿವೆ. ಹೊಳೆಗೆ ಬಿಡು ಎಂದು ದೊಡ್ಡಪ್ಪ ಹೇಳುತ್ತಾರೆ. ಏನು ಮಾಡಲಿ? ಕೇಳಬಹುದೋ ಇಲ್ಲವೋ ತಿಳಿಯದ ಇನ್ನೊಂದು ಪ್ರಶ್ನೆ: ಓದಿ ಮುಗಿಸಲಾಗದಷ್ಟು ಪುಸ್ತಕಗಳನ್ನು ಅಪ್ಪ ಯಾಕೆ ಕೊಂಡರು? ನನಗೀಗ 57. ನನ್ನ ಬಳಿಯೂ ಓದದ ಪುಸ್ತಕಗಳು ನಾನೂರಿವೆ.

ಉತ್ತರ: ಒಂದು ಪುಸ್ತಕವನ್ನೂ ಇನ್ನೂ ಕೆಳಗಿಳಿಸಬೇಡಿ. ನನ್ನ ಉತ್ತರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು.

ಮೂವತ್ತನಾಲ್ಕು ವರ್ಷ ನಾನು ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡಿದೆ. ನಿವೃತ್ತಿಯ ನಂತರ, ತೀರಿಹೋದವರ ಪುಸ್ತಕಗಳನ್ನು ವಿಂಗಡಿಸಿಕೊಡಲು ಹಲವು ಮನೆಗಳಿಗೆ ಹೋಗಿದ್ದೇನೆ. ಹೆಚ್ಚಿನ ಕಡೆ ನಾನು ಹೋಗುವ ಹೊತ್ತಿಗೆ ಪುಸ್ತಕಗಳು ರಟ್ಟಿನ ಪೆಟ್ಟಿಗೆಗಳನ್ನು ಸೇರಿರುತ್ತವೆ. ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ತುಂಬಿರುತ್ತಾರೆ: ದಪ್ಪನೆಯವು ತಳಕ್ಕೆ, ತೆಳ್ಳನೆಯವು ಮೇಲಕ್ಕೆ, ಸಂದಿ ಉಳಿದಲ್ಲಿ ಒಂದು ನಿಘಂಟು. ಅಷ್ಟರಲ್ಲಿ ಮತ್ತೆ ಸಿಗದಂಥದ್ದು ಕೈಬಿಟ್ಟು ಹೋಗಿರುತ್ತದೆ. ಕನ್ನಡ ಪುಸ್ತಕ ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತಿತ್ತು. ನಿಮ್ಮ ತಂದೆಯವರ ಪ್ರತಿ ಹಾಳಾದರೂ ಇನ್ನೊಂದು ಎಲ್ಲೋ ಒಂದು ಕಡೆ ಇರುತ್ತದೆ. ಆದರೆ ಯಾವ ಪುಸ್ತಕದ ಪಕ್ಕಕ್ಕೆ ಯಾವುದನ್ನು ಇಟ್ಟಿದ್ದರು, ಕುಳಿತಲ್ಲಿಂದ ಕೈಗೆಟಕುವ ಹಲಗೆಯಲ್ಲಿ ಏನಿತ್ತು, ಹಿಂದಿನ ಸಾಲಿನಲ್ಲಿ ಮರೆಯಾಗಿ ನಿಂತದ್ದು ಯಾವುದು ಎಂಬುದು ಆ ಆರು ಬೀರುಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಒಬ್ಬರು ಅರವತ್ತು ವರ್ಷ ಯೋಚಿಸಿದ ಬಗೆ ಅಲ್ಲಿ ಸಾಲುಗಟ್ಟಿ ನಿಂತಿದೆ. ದಾಖಲೆಗಳನ್ನು ಕಾಪಿಡುವ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಡುವ ಮೊದಲ ಪಾಠವೇ ಮೂಲ ಜೋಡಣೆಯನ್ನು ಕೆಡಿಸಬೇಡಿ ಎಂಬುದು. ಮನೆಯವರಿಗೆ ಇದನ್ನು ಹೇಳುವವರೇ ಇರುವುದಿಲ್ಲ.

ನಾನೂ ಇದನ್ನು ಕಲಿತದ್ದು ತಪ್ಪು ಮಾಡಿದ ಮೇಲೆ. ನನ್ನ ತಂದೆ ಅಂಚೆ ಮಾಸ್ತರರಾಗಿದ್ದರು. ಅವರ ಬಳಿ ಪುಸ್ತಕ ಹೆಚ್ಚಿರಲಿಲ್ಲ, ಇನ್ನೂರಿದ್ದಾವು. ಅವರು ಹೋದಾಗ ನಾನು ಆಗಲೇ ಗ್ರಂಥಪಾಲಕ. ಹಾಗಾಗಿ ವಿಂಗಡಿಸುವ ಹಕ್ಕು ನನ್ನದೆಂದು ಎಲ್ಲರೂ ಒಪ್ಪಿದರು. ಒಳ್ಳೆಯ ಬೈಂಡಿನ ಕಾದಂಬರಿಗಳನ್ನೂ ಕಾವ್ಯಗಳನ್ನೂ ಜೋಪಾನವಾಗಿ ಎತ್ತಿಟ್ಟೆ. ಕೆಳಗಿನ ಹಲಗೆಯಲ್ಲಿ ಮೂವತ್ತೊಂದು ವರ್ಷಗಳ ಪಂಚಾಂಗಗಳಿದ್ದವು. ವರ್ಷ ಕಳೆದ ಪಂಚಾಂಗದಿಂದ ಯಾರಿಗೆ ಏನು ಪ್ರಯೋಜನ ಎಂದು ಅವನ್ನು ಬಚ್ಚಲೊಲೆಯ ಪಕ್ಕಕ್ಕೆ ಹಾಕಿದೆ. ಎರಡು ವಾರ ಹಂಡೆಯ ನೀರು ಅದರಲ್ಲೇ ಕಾಯಿತು. ಕೊನೆಗೆ ಉಳಿದ ಒಂದನ್ನು ಒಲೆಗೆ ತುರುಕುವ ಮೊದಲು ನನ್ನ ಅಕ್ಕ ಬಿಡಿಸಿ ನೋಡಿದಳು. ತಿಥಿ ವಾರಗಳ ಪಕ್ಕದ ಖಾಲಿ ಜಾಗದಲ್ಲಿ ಅಪ್ಪನ ಅಕ್ಷರ: ಮೊದಲ ಮಳೆ ಬಿದ್ದ ದಿನ, ಹಸು ಕರು ಹಾಕಿದ್ದು, ಯಾರಿಗೆ ಎಷ್ಟು ಸಾಲ ಕೊಟ್ಟದ್ದು, ಅಕ್ಕನಿಗೆ ಟೈಫಾಯಿಡ್ ಬಂದು ಜ್ವರ ಇಳಿದ ಬೆಳಗ್ಗೆ. ಮೂವತ್ತೊಂದು ವರ್ಷಗಳಲ್ಲಿ ನಮಗೆ ಉಳಿದದ್ದು ಆ ಒಂದು ವರ್ಷ. ಅಂದಿನಿಂದ ಯಾರ ಮನೆಗೆ ಹೋದರೂ ನಾನು ಮೊದಲು ಕೂರುವುದು ಕೆಳಗಿನ ಹಲಗೆಯ ಮುಂದೆ. ಎಲ್ಲಕ್ಕಿಂತ ಬೆಲೆಯಿಲ್ಲದಂತೆ ಕಾಣುವುದನ್ನು ಎಲ್ಲಕ್ಕಿಂತ ಮೊದಲು ಬಿಡಿಸಿ ನೋಡುತ್ತೇನೆ.

ಈಗ ನಿಮ್ಮ ಕೆಲಸ. ಬೆಳಕು ಚೆನ್ನಾಗಿರುವ ಒಂದು ಬೆಳಗ್ಗೆ, ಪ್ರತಿ ಬೀರುವಿನ ಪ್ರತಿ ಹಲಗೆಯನ್ನೂ ಬೆನ್ನಿನ ಹೆಸರು ಓದಲು ಬರುವ ಹಾಗೆ ಮೊಬೈಲಿನಲ್ಲಿ ಎಡದಿಂದ ಬಲಕ್ಕೆ ಚಿತ್ರ ತೆಗೆಯಿರಿ. ಎರಡು ಸಾಲಾಗಿ ಇಟ್ಟಿದ್ದರೆ ಮುಂದಿನ ಸಾಲನ್ನು ಅದೇ ಕ್ರಮದಲ್ಲಿ ಮಂಚದ ಮೇಲಿರಿಸಿ, ಹಿಂದಿನದರ ಚಿತ್ರ ತೆಗೆದು, ಮತ್ತೆ ಹಾಗೆಯೇ ಇಡಿ. ಆರು ಬೀರುಗಳಿಗೆ ಅರ್ಧ ದಿನ ಸಾಕು. ಆಮೇಲೆ ಪಟ್ಟಿ. ಬೀರು, ಹಲಗೆ, ಹೆಸರು, ಲೇಖಕರು, ಅಚ್ಚಾದ ವರ್ಷ, ಮೊದಲ ತಾರೀಖು, ಎರಡನೆಯ ತಾರೀಖು. ಇಬ್ಬರು ಕೂತರೆ, ಒಬ್ಬರು ಓದುತ್ತ ಇನ್ನೊಬ್ಬರು ಬರೆಯುತ್ತ, ಗಂಟೆಗೆ ಅರವತ್ತು ಪುಸ್ತಕ ಸಾಗುತ್ತದೆ. ನಿಮ್ಮದು ನಲವತ್ತೈದು ಗಂಟೆಗಳ ಕೆಲಸ. ಬರೆಯಲು ಅಮ್ಮನನ್ನು ಕೂರಿಸಿ, ಓದುವುದು ನೀವು. ಯಾವ ಪುಸ್ತಕ ಯಾವ ಜಾತ್ರೆಯಲ್ಲಿ ಕೊಂಡದ್ದು, ಯಾವುದಕ್ಕಾಗಿ ಆ ತಿಂಗಳು ಸಕ್ಕರೆ ಕಡಿಮೆ ತಂದರು ಎಂದು ಅವರು ಹೇಳುತ್ತ ಹೋಗುತ್ತಾರೆ. ಅದನ್ನೂ ಬರೆದುಕೊಳ್ಳಿ. ಒಂದೂ ಹೊರಗೆ ಹೋಗಬಾರದು ಎನ್ನುವ ಅಮ್ಮಂದಿರನ್ನು ನಾನು ಬಹಳ ಕಂಡಿದ್ದೇನೆ. ಪಟ್ಟಿ ಮುಗಿಯುವ ಹೊತ್ತಿಗೆ ಅವರಲ್ಲಿ ಹಲವರು ತಾವೇ ಒಂದೊಂದು ಪುಸ್ತಕ ಎತ್ತಿ, ಇದು ಇಂಥವರ ಮಗಳಿಗೆ ಹೋಗಲಿ ಎಂದದ್ದುಂಟು. ಹೆಸರು ಹಿಡಿದು ಕೊಡುವುದಕ್ಕೂ ರಾಶಿ ಹಾಕಿ ತೂಗುವುದಕ್ಕೂ ಇರುವ ಅಂತರ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಪಟ್ಟಿ ಮಾಡುವಾಗ ಪ್ರತಿ ಪುಸ್ತಕವನ್ನೂ ಬೆನ್ನು ಮೇಲಾಗಿ ಹಿಡಿದು ಮೆಲ್ಲನೆ ಬಿಡಿಸಿ. ಬಸ್ ಟಿಕೆಟ್, ಅಶ್ವತ್ಥದ ಎಲೆ, ಮದುವೆಯ ಕರೆಯೋಲೆ, ಇನ್‌ಲ್ಯಾಂಡ್ ಪತ್ರ, ಔಷಧಿ ಅಂಗಡಿಯ ಚೀಟಿ ಬೀಳುತ್ತವೆ. ಬಿದ್ದದ್ದನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಯಾವ ಪುಸ್ತಕದ ಯಾವ ಪುಟದಲ್ಲಿತ್ತೋ ಅದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನೀವು ಏನನ್ನಾದರೂ ಬರೆಯುವುದಿದ್ದರೂ ಪೆನ್ಸಿಲ್ಲಿನಲ್ಲೇ ಬರೆಯಿರಿ. ಶಾಯಿ ಹಾಳೆಗೆ ಇಳಿದು ಹಬ್ಬುತ್ತದೆ, ಸೀಸದ ಗೆರೆ ನೂರು ವರ್ಷ ಕೂತಲ್ಲೇ ಕೂರುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಕಂದಾಗಿ ಅಕ್ಷರವನ್ನೇ ತಿನ್ನುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ನಾಲ್ಕು ಪಾಲು ಮಾಡಿಕೊಳ್ಳಬಹುದು. ತಂದೆಯವರ ಕೈಬರಹ ದಟ್ಟವಾಗಿರುವವು ಮನೆಗೆ. ಅಂಚಿನಲ್ಲಿ ಜಗಳವಾಡಿರುವ, ಪ್ರಶ್ನೆ ಹಾಕಿರುವ ಪುಸ್ತಕಗಳು ಎಲ್ಲ ಸೇರಿ ನೂರೈವತ್ತು ಮೀರಲಿಕ್ಕಿಲ್ಲ. ಫ್ಲ್ಯಾಟಿನ ಒಂದು ಗೋಡೆಗೆ ಅಷ್ಟು ಹಿಡಿಯುತ್ತದೆ. ಎರಡನೆಯದು ಅಪರೂಪದವು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಅಪರೂಪದ ಪುಸ್ತಕ ಎಂದರೆ ದೊಡ್ಡ ಕವಿಯ ಮೊದಲ ಮುದ್ರಣ ಎಂದೇ ಹೆಚ್ಚಿನವರ ಎಣಿಕೆ. ದೊಡ್ಡವರ ಕೃತಿಗಳನ್ನು ಹತ್ತು ಜನ ಕಾಪಾಡಿರುತ್ತಾರೆ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಹೊಸ ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಕಳಿಸಲೇಬೇಕು. ಹಾಗೆ ಕಳಿಸದೆ ಉಳಿದವು ಸಣ್ಣ ಊರಿನ ಅಚ್ಚುಕೂಟಗಳಲ್ಲಿ ಹುಟ್ಟಿದವು: ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗದ ಪುಸ್ತಿಕೆ, ನಾಟಕ ಕಂಪನಿಯ ಹಾಡಿನ ಪುಸ್ತಕ, ಅಡಿಕೆ ಬೆಳೆಗಾರರ ಸಂಘದ ವರದಿ, ಊರಿನ ದೇವಸ್ಥಾನದ ಚರಿತ್ರೆ, ಮೇಷ್ಟರುಗಳು ತಾವೇ ಖರ್ಚು ಹಾಕಿ ಅಚ್ಚು ಮಾಡಿಸಿದ ಕವನ ಸಂಕಲನ. ಸಾಗರದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಬೇಕಾಗುವುದು ಇವೇ. ಹಳೆಯ ಮಾಸಪತ್ರಿಕೆಗಳ ಬಿಡಿ ಸಂಚಿಕೆಗಳಿದ್ದರೆ ಅವನ್ನೂ ಇದಕ್ಕೇ ಸೇರಿಸಿ. 1919ರಲ್ಲಿ ಶುರುವಾದ ಪ್ರಬುದ್ಧ ಕರ್ನಾಟಕ, 1922ರಲ್ಲಿ ಧಾರವಾಡದಲ್ಲಿ ಶುರುವಾದ ಜಯಕರ್ನಾಟಕ, ಇಂಥವುಗಳ ಮೊದಲ ವರ್ಷಗಳ ಒಂದೊಂದು ಸಂಚಿಕೆಗೂ ಹುಡುಕುವವರಿದ್ದಾರೆ.

1940ರ ದಶಕದ ಪುಸ್ತಕಗಳನ್ನು ಬಿಡಿಸುವಾಗ ಕೈ ಹಗುರವಾಗಿರಲಿ. ಯುದ್ಧದ ಕಾಲದಲ್ಲಿ ಕಾಗದಕ್ಕೆ ಬರ ಬಂದು, ಸಿಕ್ಕ ಕಾಗದದಲ್ಲಿ ಅಚ್ಚು ಹಾಕಿದರು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಉಳಿದಿರುತ್ತದೆ. ಅದು ವರ್ಷದಿಂದ ವರ್ಷಕ್ಕೆ ಒಳಗಿನಿಂದಲೇ ನಾರನ್ನು ಕತ್ತರಿಸುತ್ತ ಬಂದು, ಹಾಳೆಯನ್ನು ಮಡಿಸಿದರೆ ಹಪ್ಪಳದಂತೆ ಮುರಿಯುವ ಸ್ಥಿತಿಗೆ ತರುತ್ತದೆ. ಓಲೆಗರಿ ಮುನ್ನೂರು ವರ್ಷ ಬಾಳಿದ ಮನೆಯಲ್ಲೇ ಇಂಥ ಕಾಗದ ಎಂಬತ್ತು ವರ್ಷಕ್ಕೆ ಪುಡಿಯಾಗುವುದನ್ನು ಕಂಡಿದ್ದೇನೆ. ಅಂಥದ್ದನ್ನು ಸ್ಕ್ಯಾನ್ ಮಾಡಿಸಿ. ಎಲ್ಲರಿಗೂ ಸಿಗುವಂತೆ ಮಾಡಬಹುದೇ ಎಂಬುದಕ್ಕೆ ಕಾನೂನಿನ ಲೆಕ್ಕವಿದೆ: ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಆಮೇಲೆ ಕೃತಿ ಎಲ್ಲರದು. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಬರಹ 2007ರ ಜನವರಿಯಿಂದ ಎಲ್ಲರದಾಯಿತು. 1975ರಲ್ಲಿ ತೀರಿಕೊಂಡ ಡಿ.ವಿ.ಜಿ. ಅವರದು 2036ರಲ್ಲಿ ಆಗುತ್ತದೆ. ಮೊದಲು ಈ ಅವಧಿ 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಹಕ್ಕು ಮುಗಿಯುವ ಹೊತ್ತಿನಲ್ಲಿ, 1992ರಲ್ಲಿ, ಹತ್ತು ವರ್ಷ ಸೇರಿಸಿದರು. ಸಾವಿನ ನಂತರವೂ ಬರಹಗಾರನಿಗೆ ಒಂದು ಆಯುಷ್ಯವನ್ನು ವರ್ಷಗಳಲ್ಲಿ ಎಣಿಸಿ ಕೊಡುವ ಈ ಲೆಕ್ಕ ನನ್ನನ್ನು ಪ್ರತಿ ಸಲವೂ ಒಂದು ಕ್ಷಣ ಸುಮ್ಮನಾಗಿಸುತ್ತದೆ.

ಮೂರನೆಯ ಪಾಲು ದೊಡ್ಡದು, ಬೇರೆಯವರು ಓದಬಹುದಾದ ಒಳ್ಳೆಯ ಪುಸ್ತಕಗಳು. ಗ್ರಂಥಾಲಯಗಳು ಬೇಡ ಎಂದದ್ದಕ್ಕೆ ನೊಂದುಕೊಳ್ಳಬೇಡಿ, ನಾನೂ ಆ ಕುರ್ಚಿಯಲ್ಲಿ ಕೂತು ಬೇಡ ಎಂದವನು. ಸ್ಥಳವಿರುವುದಿಲ್ಲ. ಬಂದದ್ದರಲ್ಲಿ ಬಹುಪಾಲು ಆಗಲೇ ಇರುತ್ತವೆ. ಒಂದೊಂದಕ್ಕೂ ದಾಖಲೆ ಸಂಖ್ಯೆ ಕೊಟ್ಟು ವರ್ಗೀಕರಿಸಲು ಸಿಬ್ಬಂದಿ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಭಯ ಹುಳುವಿನದು. ಒಂದು ಪೆಟ್ಟಿಗೆಯಿಂದ ಇಡೀ ಕಪಾಟಿಗೆ ಹತ್ತುತ್ತದೆ. "ನಮ್ಮ ಬಳಿ 2,600 ಪುಸ್ತಕಗಳಿವೆ, ಬೇಕೇ?" ಎಂದು ಕೇಳಿದರೆ ಉತ್ತರ ಬೇಡ ಎಂದೇ ಬರುತ್ತದೆ. ಪಟ್ಟಿಯನ್ನು ಕಳಿಸಿ, "ಇದರಲ್ಲಿ ನಿಮಗೆ ಬೇಕಾದದ್ದನ್ನು ಗುರುತು ಹಾಕಿ" ಎಂದರೆ ನೂರು, ಇನ್ನೂರು ಗುರುತಾಗಿ ಬರುತ್ತವೆ. ನಿಮ್ಮ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು, ಈಗ ಅರಿವು ಕೇಂದ್ರಗಳೆಂದು ಕರೆಯುವವು, ಕಥೆ ಕಾದಂಬರಿಗಳನ್ನೂ ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರಿಗೆ ಬೇಕಾದ ಚರಿತ್ರೆಯ ಪುಸ್ತಕಗಳನ್ನೂ ಸ್ವೀಕರಿಸುತ್ತವೆ. ಪುಸ್ತಕ ಜೋಳಿಗೆ ಎಂಬ ಹೆಸರಿನಲ್ಲಿ ಮನೆಮನೆಯಿಂದ ಸಂಗ್ರಹಿಸಿದ್ದೂ ಉಂಟು. ತಂದೆಯವರು ಕೆಲಸ ಮಾಡಿದ ಶಾಲೆಯನ್ನು ಎಲ್ಲಕ್ಕಿಂತ ಮೊದಲು ಕೇಳಿ.

ಕೊಡುವಾಗ ಒಂದು ಷರತ್ತನ್ನು ಮಾತ್ರ ದಯವಿಟ್ಟು ಹಾಕಬೇಡಿ: ತಂದೆಯವರ ಹೆಸರಿನ ಪ್ರತ್ಯೇಕ ಗಾಜಿನ ಬೀರು. ಈ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ಕೆಲವರಿಗೆ ನೋವಾದರೂ ಹೇಳುತ್ತೇನೆ. ದಾನಿಗಳ ಹೆಸರಿನ ಬೀರು ಉದ್ಘಾಟನೆಯ ದಿನ ಹೂವಿನ ಹಾರದ ಜೊತೆ ತೆರೆದಿರುತ್ತದೆ. ಆಮೇಲೆ ಬೀಗ. ಬೀಗದ ಕೈ ಯಾರದೋ ಮೇಜಿನ ಡ್ರಾಯರಿನಲ್ಲಿ, ಅವರಿಗೆ ವರ್ಗವಾಗುತ್ತದೆ. ನಾನು ನೋಡಿದ ಒಂದು ಬೀರುವನ್ನು ಹತ್ತೊಂಬತ್ತು ವರ್ಷಗಳ ಮೇಲೆ ಒಡೆದು ತೆಗೆಯಬೇಕಾಯಿತು. ಗಾಜಿನಿಂದ ಕಾಣುತ್ತಿದ್ದ ಬೆನ್ನುಗಳು ಮಾತ್ರ ಪುಸ್ತಕಗಳಾಗಿ ಉಳಿದಿದ್ದವು, ಹಿಂದೆ ಗೆದ್ದಲಿನ ಮಣ್ಣು. ಗ್ರಂಥಾಲಯ ವಿಜ್ಞಾನಕ್ಕೆ ಈ ದೇಶದಲ್ಲಿ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗೆ ಎಂಬುದು; ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ನಮ್ಮ ತಲೆಮಾರಿನ ಗ್ರಂಥಪಾಲಕರಿಗೆ ಆ ಐದು ವಾಕ್ಯಗಳು ಬಾಯಿಪಾಠ. ಮೂರನೆಯದನ್ನು ನಾನು ತಿಥಿಯ ಮನೆಗಳಲ್ಲಿ ನಿಜವಾಗಿ ಅರ್ಥ ಮಾಡಿಕೊಂಡೆ. ಓದುಗ ಹೋದ ಮೇಲೂ ಪುಸ್ತಕಕ್ಕೆ ಇನ್ನೊಬ್ಬ ಓದುಗ ಬಾಕಿ ಇರುತ್ತಾನೆ. ಅವನನ್ನು ಹುಡುಕಿಕೊಡುವುದು ಉಳಿದವರ ಕೆಲಸ.

ಈ ಕೆಲಸವನ್ನು ಸಾವಿರ ವರ್ಷದ ಹಿಂದೆ ಕನ್ನಡನಾಡಿನಲ್ಲಿ ಒಬ್ಬ ಹೆಂಗಸು ಮಾಡಿದ್ದಳು. ಅತ್ತಿಮಬ್ಬೆಯ ಗಂಡ, ಚಾಲುಕ್ಯರ ದಂಡನಾಯಕ ನಾಗದೇವ, ಯುದ್ಧದಲ್ಲಿ ಮಡಿದ. ಅವನ ಕೈಹಿಡಿದಿದ್ದ ಅವಳ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು. ಉಳಿದು, ತನ್ನ ತಂದೆ ಮಲ್ಲಪನೂ ಅವನ ಸಹೋದರನೂ ಪೊನ್ನನಿಂದ ಬರೆಸಿದ್ದ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚುಮೊಳೆ ಇಲ್ಲದ ಕಾಲದಲ್ಲಿ, ಒಂದೊಂದು ಗರಿಯನ್ನೂ ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆಸಿ. ಅವಳನ್ನು ದಾನಚಿಂತಾಮಣಿ ಎಂದು ಹೊಗಳುವಾಗ ನಾವು ದಾನದ ಅಳತೆಯನ್ನು ನೋಡುತ್ತೇವೆ. ನನಗೆ ಕಾಣುವುದು ಅಪ್ಪನ ಮನೆಯ ಪುಸ್ತಕ ಒಂದೇ ಕಡೆ ಇದ್ದರೆ ಸಾಯುತ್ತದೆ ಎಂದು ಅರಿತ ಮಗಳು.

ಹಾಗಾಗಿ ಓಲೆಗರಿಯ ಮಾತು. ದೊಡ್ಡಪ್ಪನವರಿಗೆ ನಮಸ್ಕಾರ ತಿಳಿಸಿ, ಹೊಳೆಗೆ ಬಿಡುವುದು ಬೇಡ ಎಂದು ನಾನು ಬೇಡಿಕೊಂಡೆನೆಂದು ಹೇಳಿ. ಓದಲು ಬಾರದ್ದು ಮನೆಯಲ್ಲಿ ಮೈಲಿಗೆಯಾಗಬಾರದು ಎಂಬ ಭಕ್ತಿಯಿಂದಲೇ ನಮ್ಮ ಹಿರಿಯರು ಕಟ್ಟುಗಟ್ಟಲೆ ಗರಿಗಳನ್ನು ನೀರಿಗೆ ಬಿಟ್ಟರು. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ, ನೀರಿಗೆ ಹೋದದ್ದರ ಬಗ್ಗೆ ತೀರದ ಸಂಕಟವಿದೆ. ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಗರಿಗಳ ಕಟ್ಟನ್ನು ಹೊಳೆಗೆ ಬಿಡದೆ, 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟರು. 1905ರಲ್ಲಿ ಅಲ್ಲಿನ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಅಟ್ಟದಲ್ಲಿರುವುದು ಬರೀ ಪೂಜಾವಿಧಿಯೋ ಜಮೀನಿನ ಲೆಕ್ಕವೋ ಇರಬಹುದು, ಅದಕ್ಕೂ ಬೆಲೆಯಿದೆ. ನಿಮ್ಮ ಕಡೆಯ ಗರಿಗಳು ಎಷ್ಟೋ ಸಲ ತಿಗಳಾರಿ ಲಿಪಿಯಲ್ಲಿರುತ್ತವೆ, ಕನ್ನಡ ಬಲ್ಲವರಿಗೂ ಓದಲು ಬರುವುದಿಲ್ಲ. ಸಾಗರದ ಪಕ್ಕದಲ್ಲೇ ಕೆಳದಿಯ ವಸ್ತುಸಂಗ್ರಹಾಲಯವಿದೆ, ಓಲೆಗರಿಗಳ ಸಂಗ್ರಹಕ್ಕೆ ಹೆಸರಾದದ್ದು. ಕಟ್ಟು ಬಿಚ್ಚದೆ, ದಾರವನ್ನು ಎಳೆಯದೆ, ಹತ್ತಿಬಟ್ಟೆಯಲ್ಲಿ ಸುತ್ತಿ ಅಲ್ಲಿಗೆ ಒಯ್ಯಿರಿ. ನೀವೇ ಎಣ್ಣೆ ಸವರಲು ಹೋಗಬೇಡಿ. ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ, ಕಾಡಿಗೆ ತೀಡಿ ಅಕ್ಷರ ಎಬ್ಬಿಸುವುದು ಕೈ ಪಳಗಿದವರ ಕೆಲಸ.

ಹಳೆಯ ಪ್ರತಿಕಾರರು ಗ್ರಂಥದ ಕೊನೆಯಲ್ಲಿ ಬರೆಯುತ್ತಿದ್ದ ಒಂದು ಶ್ಲೋಕ ಬಹಳ ಕಟ್ಟುಗಳಲ್ಲಿ ಸಿಗುತ್ತದೆ: "ತೈಲಾದ್ರಕ್ಷೇಜ್ಜಲಾದ್ರಕ್ಷೇದ್ರಕ್ಷೇಚ್ಛಿಥಿಲಬಂಧನಾತ್, ಮೂರ್ಖಹಸ್ತೇ ನ ದಾತವ್ಯಮೇವಂ ವದತಿ ಪುಸ್ತಕಮ್." ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲವಾದ ಕಟ್ಟಿನಿಂದ ಕಾಪಾಡು, ಅರಿಯದವರ ಕೈಗೆ ಕೊಡಬೇಡ ಎಂದು ಪುಸ್ತಕ ಹೇಳುತ್ತಿದೆ. ಇನ್ನೊಂದರಲ್ಲಿ ಬರೆದವನೇ ಮಾತಾಡುತ್ತಾನೆ: ಬೆನ್ನು, ಸೊಂಟ, ಕತ್ತು ಮುರಿದು, ಕಣ್ಣು ಕೀಲಿಸಿ, ತಲೆ ಬಗ್ಗಿಸಿ, ಕಷ್ಟಪಟ್ಟು ಬರೆದಿದ್ದೇನೆ, ಯತ್ನಪಟ್ಟು ಕಾಪಾಡು. ಅವನ ಹೆಸರು ನಮಗೆ ಗೊತ್ತಿಲ್ಲ. ಅವನ ಬೆನ್ನುನೋವು ಗೊತ್ತು.

ಸಾಗಿಸುವ ವಿಷಯ ಚುಟುಕಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಬೇಡ. ಮನೆ ಕೊಳ್ಳುವವರನ್ನು ಕೇಳಿ, ದಸರೆಯವರೆಗೆ ಒಂದು ಕೋಣೆಯನ್ನು ಉಳಿಸಿಕೊಳ್ಳಿ. ಆಗ ಗಾಳಿ ಒಣಗಿರುತ್ತದೆ. ಪುಸ್ತಕಗಳನ್ನು ಬಿಸಿಲಿಗೆ ಹರಡದೆ, ನೆರಳಿನಲ್ಲಿ ಗಾಳಿಗೆ ನಿಲ್ಲಿಸಿ. ಬೀರುವಿನ ಬೆನ್ನು ಗೋಡೆಗೆ ತಾಗಿದ್ದರೆ ಒರಲೆ ಹಿಡಿದಿದೆಯೇ ನೋಡಿ. ಬೆಳ್ಳಗೆ ಮಿರುಗುತ್ತ ಓಡುವ ಮೀನಿನಾಕಾರದ ಹುಳು ಕಂಡರೆ ಅದು ಬೈಂಡಿನ ಮೈದಾ ಅಂಟನ್ನು ತಿನ್ನಲು ಬಂದದ್ದು. ಹಿಂದೆ ಬೈಂಡಿನವರು ಅದಕ್ಕೇ ಅಂಟಿಗೆ ಮೈಲುತುತ್ತು ಬೆರೆಸುತ್ತಿದ್ದರು. ನುಸಿಗುಳಿಗೆಯ ವಾಸನೆ ಅಮ್ಮನ ಉಸಿರಿಗೆ ಒಳ್ಳೆಯದಲ್ಲ, ಬಜೆಯ ಚೂರುಗಳನ್ನು ತೆಳುಬಟ್ಟೆಯಲ್ಲಿ ಕಟ್ಟಿಡಿ. ಹುಳು ಹತ್ತಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚದೆ ಬಿಡಿ. ನಾಲ್ಕನೆಯ ಪಾಲು ಎಂದೆನಲ್ಲ, ಅದು ಗುಜರಿಗೆ. ಕಾಲ ಮೀರಿದ ಕೈಪಿಡಿಗಳು, ಪೂರ್ತಿ ಪುಡಿಯಾದವು, ಎರಡೆರಡಿದ್ದವು. ಬಿಡಿಸಿ ನೋಡಿ, ಏನೂ ಬರೆದಿಲ್ಲವೆಂದು ಖಚಿತವಾದ ಮೇಲೆ ತೂಕಕ್ಕೆ ಹಾಕಿ. ಅದರಲ್ಲಿ ಪಾಪವಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕೇಳಬಹುದು, ಕೇಳಬೇಕಾದದ್ದೇ ಅದು. ಮೊದಲು ಲೆಕ್ಕ ಹಾಕೋಣ. ಎರಡೂ ತಾರೀಖುಗಳಿರುವ ಪುಸ್ತಕಗಳು ಅರ್ಧಕ್ಕಿಂತ ಕಡಿಮೆ ಎಂದಿರಿ, ಸುಮಾರು 1,200 ಎಂದಿಟ್ಟುಕೊಳ್ಳೋಣ. ಐವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 24, ತಿಂಗಳಿಗೆ ಎರಡು. ಹಗಲೆಲ್ಲ ಪಾಠ ಹೇಳಿ, ರಾತ್ರಿ ಉತ್ತರ ಪತ್ರಿಕೆ ತಿದ್ದಿ, ತೋಟ ನೋಡಿಕೊಂಡು, ಮಕ್ಕಳ ಫೀಸು ಹೊಂದಿಸಿ, ಆಮೇಲೆ ತಿಂಗಳಿಗೆ ಎರಡು ಪುಸ್ತಕ, ಐವತ್ತು ವರ್ಷ. ಓದದೇ ಉಳಿದದ್ದನ್ನು ನೀವು ಎಣಿಸಿದ್ದೀರಿ. ಪುಸ್ತಕದ ನಡುವೆಯೇ ಬದುಕಿದ ನಾನು ಅಷ್ಟು ಓದಿಲ್ಲ.

ನಿಮ್ಮ ನಾನೂರು ಪುಸ್ತಕಗಳೂ ಇದೇ ವೇಗದಲ್ಲಿ ಹದಿನೇಳು ವರ್ಷ ಹಿಡಿಯುತ್ತವೆ. ನಿಮಗೆ ಆಗ 74. ಈ ಸಂಖ್ಯೆಯನ್ನು ಕಂಡು ಹೆದರಿದವರಿದ್ದಾರೆ. ನಾನು ಮಾಡಿದ್ದು ಇಷ್ಟೇ: ಅರವತ್ತು ತುಂಬಿದ ವರ್ಷ, ಓದಿ ಮುಗಿಸಲೇಬೇಕೆಂದು ಹಟ ಹಿಡಿದು ಎಳೆಯುತ್ತಿದ್ದ ಪುಸ್ತಕಗಳನ್ನು ಕೆಳಗಿಟ್ಟೆ. ಓದುಗನ ಸಮಯ ಉಳಿಸು ಎಂಬುದು ರಂಗನಾಥನ್ ಅವರ ನಾಲ್ಕನೆಯ ಸೂತ್ರ. ಬೇರೆಯವರ ಸಮಯ ಉಳಿಸಲು ಮೂವತ್ತನಾಲ್ಕು ವರ್ಷ ಗ್ರಂಥಸೂಚಿಯ ಕಾರ್ಡುಗಳನ್ನು ಬರೆದವನು, ನನ್ನದನ್ನು ಉಳಿಸಲು ಅಂದು ಶುರು ಮಾಡಿದೆ.

ಆದರೆ ಅಪ್ಪ ಯಾಕೆ ಕೊಂಡರು ಎಂಬುದಕ್ಕೆ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ, ಪಟ್ಟಿಯಲ್ಲಿ ಸಿಗಬಹುದು. ಒಂದೇ ತಾರೀಖಿರುವ ಪುಸ್ತಕಗಳನ್ನು ಮಾತ್ರ ಆಯ್ದು, ಕೊಂಡ ವರ್ಷದ ಕ್ರಮದಲ್ಲಿ ಜೋಡಿಸಿ ಓದಿ. ಕೊನೆಯ ಹತ್ತು ವರ್ಷಗಳ ಸಾಲಿನ ಮೇಲೆ ಕಣ್ಣಿಡಿ. ಹಿಂದೊಮ್ಮೆ ಹೀಗೆ ಜೋಡಿಸುತ್ತಿದ್ದಾಗ, 81ನೆಯ ವಯಸ್ಸಿನಲ್ಲಿ ತೀರಿಕೊಂಡ ನಿವೃತ್ತ ಎಂಜಿನಿಯರರ ಮೇಜಿನ ಬದಿಯಲ್ಲಿ ಉರ್ದು ಕಲಿಯುವ ಬಾಲಬೋಧೆ ಸಿಕ್ಕಿತು. ಕೊಂಡು ಐದು ತಿಂಗಳಾಗಿತ್ತು. ಮೊದಲ ಮೂರು ಪಾಠಗಳ ಕೆಳಗೆ ಅಲಿಫ್, ಬೇ, ಪೇ ಎಂದು ನಡುಗುವ ಕೈಯಲ್ಲಿ ಸಾಲುಸಾಲಾಗಿ ತಿದ್ದಿದ್ದರು. ಮೂರನೆಯ ಪಾಠದ ಹೊತ್ತಿಗೆ ಅಕ್ಷರ ಸ್ವಲ್ಪ ದುಂಡಾಗಿತ್ತು. ಅವರ ಮಗಳು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು. ಅಪ್ಪನಿಗೆ ಗಜಲ್ ಇಷ್ಟವೆಂದು ಅವಳಿಗೆ ಗೊತ್ತಿತ್ತು, ಮೂಲದಲ್ಲೇ ಓದುವ ಆಸೆ ಇಟ್ಟುಕೊಂಡಿದ್ದರೆಂದು ಗೊತ್ತಿರಲಿಲ್ಲ. ಓದಿದ ಪುಸ್ತಕಗಳು ಅಪ್ಪ ಏನಾಗಿದ್ದರೆಂದು ಹೇಳುತ್ತವೆ. ಓದದವುಗಳಲ್ಲಿ ಅವರು ಇನ್ನೂ ಎಲ್ಲಿಗೆ ಹೊರಟಿದ್ದರೆಂಬುದು ಇರುತ್ತದೆ. 86ರ ಮನುಷ್ಯ ಅಂಚೆಗೆ ಹಣ ಕಟ್ಟಿ ಪುಸ್ತಕ ತರಿಸಿದ್ದನ್ನು ನಾನು ದುಂದು ಎನ್ನಲಾರೆ. ಮುಂದಿನ ವಾರವನ್ನು ನಂಬಿದ್ದರು.

ಇಷ್ಟು ಬರೆದ ಮೇಲೆ ಆ ಬಿಚ್ಚದ ಕಟ್ಟು ಉಳಿಯಿತು. ಪಟ್ಟಿಯ ಕೆಲಸವೆಲ್ಲ ಮುಗಿಯುವವರೆಗೆ ಅದನ್ನು ಹಾಗೇ ಇಡಿ, ಆಮೇಲೆ ಒಂದು ಸಂಜೆ ಅಮ್ಮನ ಜೊತೆ ಕೂತು ಬಿಚ್ಚಿ. ದಾರವನ್ನು ಕತ್ತರಿಸದೆ ಗಂಟು ಬಿಡಿಸಿ. ಹೊರಗಿನ ಕಾಗದವನ್ನು ಎಸೆಯಬೇಡಿ, ಅಂಚೆಯ ಮೊಹರಿನಲ್ಲಿ ತಾರೀಖಿರುತ್ತದೆ. ಒಳಗಿರುವುದು ಏನೇ ಆಗಿರಲಿ, ಅದು ಮನೆಗೆ ಬಂದ ತಾರೀಖನ್ನು ಮೊದಲ ಪುಟದಲ್ಲಿ, ತಂದೆಯವರು ಬರೆಯುತ್ತಿದ್ದ ಜಾಗದಲ್ಲೇ, ಅಮ್ಮನ ಕೈಯಲ್ಲಿ ಬರೆಸಿ. ಪೆನ್ಸಿಲ್ಲಿನಲ್ಲಿ. ಕೊನೆಯ ಪುಟದ ತಾರೀಖನ್ನು ನಿಮ್ಮಿಬ್ಬರಲ್ಲಿ ಯಾರು ಮೊದಲು ಓದಿ ಮುಗಿಸುತ್ತೀರೋ ಅವರು ಬರೆಯಿರಿ.